ಜಾತ್ರೆಯ ಧ್ವನಿವರ್ಧಕ ಮತ್ತು ತಂತಿಯ ಲೆಕ್ಕ

ಭಾರತ ಹುಣ್ಣಿಮೆಯಂದು ಸವದತ್ತಿಯ ಎಲ್ಲಮ್ಮನ ಗುಡ್ಡವನ್ನೇರಿದವರು ಅಲ್ಲಿಯ ಜನಸಂದಣಿಯನ್ನು ಬಲ್ಲರು. ಅಂಥ ಗದ್ದಲದಲ್ಲಿ ತಾಯಿಯ ಕೈತಪ್ಪಿದ ಮಗುವಿನ ಹೆಸರನ್ನು ಕೂಗಿ ಹೇಳುವುದಕ್ಕೆ ಧ್ವನಿವರ್ಧಕವೇ ಆಧಾರ. ಆದರೆ ದೂರದ ಕಂಬಕ್ಕೆ ಕಟ್ಟಿದ ಕಹಳೆಯಲ್ಲಿ ಕಲ್ಲವ್ವನೋ ಮಲ್ಲವ್ವನೋ ತಿಳಿಯದಂತಾದರೆ ಕೂಗಿ ಏನು ಪ್ರಯೋಜನ? ಕಿತ್ತೂರಿನ ಉತ್ಸವ, ಬೈಲಹೊಂಗಲದ ಸಭೆ, ರಾಮದುರ್ಗದ ಬಯಲಾಟ, ಎಲ್ಲಿಯೇ ಆಗಲಿ, ಇಂಥ ಸಮಯದಲ್ಲಿ ಮಾಡುವ ಉಪಾಯ ಒಂದೇ: ವರ್ಧಕದ ಸದ್ದನ್ನು ಇನ್ನಷ್ಟು ಏರಿಸುವುದು. ಅದರಿಂದ ಕೆಲಸ ಕೆಡುವುದೇ ಹೆಚ್ಚು. ವರ್ಧಕವು ತನ್ನ ಶಕ್ತಿ ಮೀರಿ ದುಡಿಯಹೋದಾಗ ಧ್ವನಿತರಂಗದ ಶಿಖರಗಳು ಬೋಳಾಗುತ್ತವೆ. ಮೂಲದಲ್ಲಿಲ್ಲದ ಸ್ವರಗಳು ಹುಟ್ಟಿ, ಮೊದಲೇ ಕ್ಷೀಣವಾದ ವ್ಯಂಜನಗಳನ್ನು ಮುಚ್ಚಿಬಿಡುತ್ತವೆ.

ನಿಜವಾದ ದೋಷವು ಅನೇಕ ವೇಳೆ ತಂತಿಯಲ್ಲಿರುತ್ತದೆ. ಸ್ಪೀಕರು ಪರ್ಯಾಯ ಪ್ರವಾಹಕ್ಕೆ ಒಡ್ಡುವ ಒಟ್ಟು ತಡೆಗೆ ಪ್ರತಿಬಾಧೆಯೆಂದು ಹೆಸರು. ನಮ್ಮ ಕಹಳೆಯ ಪ್ರತಿಬಾಧೆ 8 ಓಂ ಎಂದಿಟ್ಟುಕೊಳ್ಳೋಣ. ಅದು ವರ್ಧಕದಿಂದ 200 ಮೀಟರ್ ದೂರದಲ್ಲಿದ್ದರೆ ಹೋಗಿಬರುವ ತಂತಿ 400 ಮೀಟರ್ ಆಯಿತು. ಒಂದು ಚದರ ಮಿಲಿಮೀಟರ್ ದಪ್ಪದ ತಾಮ್ರದ ತಂತಿಯಾದರೆ ಅದರ ತಡೆ ಸುಮಾರು 7 ಓಂ. ಎಂದಮೇಲೆ ವರ್ಧಕವು ಕೊಟ್ಟ ಶಕ್ತಿಯಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ತಂತಿಯನ್ನು ಬಿಸಿಮಾಡುವುದಕ್ಕೇ ವ್ಯಯವಾಗುತ್ತದೆ!

ಇದಕ್ಕೆ ಪರಿಹಾರವು ನಮ್ಮ ಮನೆಗಳಿಗೆ ವಿದ್ಯುತ್ತನ್ನು ತರುವ ಕ್ರಮದಲ್ಲಿಯೇ ಇದೆ. ವೋಲ್ಟೇಜನ್ನು ಏರಿಸಿದರೆ ಅಷ್ಟೇ ಶಕ್ತಿಗೆ ಪ್ರವಾಹ ಕಡಿಮೆ ಸಾಕು. ಪ್ರವಾಹ ತಗ್ಗಿದರೆ ತಂತಿಯ ನಷ್ಟವೂ ತಗ್ಗುತ್ತದೆ. ಆದುದರಿಂದ ವರ್ಧಕದ ಬಳಿ ಪೂರ್ಣಶಕ್ತಿಗೆ 100 ವೋಲ್ಟ್ ಆಗುವಂತೆ ಏರಿಸಿ, ಪ್ರತಿ ಕಹಳೆಯ ಬಳಿ ಸಣ್ಣ ಟ್ರಾನ್ಸ್‌ಫಾರ್ಮರಿನಿಂದ ಇಳಿಸುತ್ತಾರೆ. ಆಗ 20 ವ್ಯಾಟಿನ ಕಹಳೆಯು ತಂತಿಗೆ 500 ಓಂ ಆಗಿ ತೋರುತ್ತದೆ. ಅದೇ 7 ಓಂ ತಂತಿಯಲ್ಲಿ ಆಗುವ ನಷ್ಟ ನೂರಕ್ಕೆ ಒಂದೂವರೆಯಷ್ಟನ್ನೂ ಮುಟ್ಟದು.

ಇಲ್ಲಿ ಇನ್ನೊಂದು ಲೆಕ್ಕ ತಪ್ಪಬಾರದು. 100 ವ್ಯಾಟಿನ ವರ್ಧಕಕ್ಕೆ ಇಂಥವು ಐದು ಸರಿ. ಯಾರದೋ ಒತ್ತಾಯಕ್ಕೆ ಹತ್ತನ್ನು ಜೋಡಿಸಿದರೆ ಅವು 200 ವ್ಯಾಟ್ ಬೇಡುತ್ತವೆ. ವರ್ಧಕ ಸುಡುವುದು ಇಂಥಲ್ಲಿಯೇ. ಹತ್ತು ಬೇಕೇ ಆದರೆ ಪ್ರತಿಯೊಂದನ್ನೂ 10 ವ್ಯಾಟಿನ ಮೊಳೆಗೆ ಜೋಡಿಸಬೇಕು. ಶಕ್ತಿ ಅರ್ಧವಾದರೂ ಇಳಿಯುವುದು ಮೂರು ಡೆಸಿಬೆಲ್ ಮಾತ್ರ. ಕಿವಿಗೆ ಅದು ಅರ್ಧವೆಂದು ತೋರುವುದೇ ಇಲ್ಲ.

ಕಹಳೆಯು ಒಂದು ರೀತಿಯಲ್ಲಿ ಸಾಧು ಪ್ರಾಣಿ. ಹೊಂದಾಣಿಕೆಯ ಕಷ್ಟವನ್ನು ಪೂರ್ಣವಾಗಿ ಅರಿಯಬೇಕಾದರೆ ಸ್ಥಿರವಿದ್ಯುತ್ ಸ್ಪೀಕರನ್ನು ನೋಡಬೇಕು. ಇಂಗ್ಲೆಂಡಿನ ಪೀಟರ್ ವಾಕರರ ಕ್ವಾಡ್ ಸ್ಪೀಕರು 1957ರಲ್ಲಿ ಮಾರುಕಟ್ಟೆಗೆ ಬಂದಿತು. ಇದರಲ್ಲಿ ಸುರುಳಿಯೂ ಇಲ್ಲ, ಅಯಸ್ಕಾಂತವೂ ಇಲ್ಲ. ರಂಧ್ರಗಳುಳ್ಳ ಎರಡು ಫಲಕಗಳ ನಡುವೆ ಸಾವಿರಾರು ವೋಲ್ಟಿನ ವಿದ್ಯುತ್ತನ್ನು ಹೊತ್ತ ತೆಳುವಾದ ಪೊರೆಯೊಂದು ಕಂಪಿಸುತ್ತದೆ. ಫಲಕಗಳಿಗೆ ಬೇಕಾದ ಹೆಚ್ಚಿನ ವೋಲ್ಟೇಜನ್ನು ಒದಗಿಸಲು ಇಲ್ಲಿ ಸ್ಪೀಕರಿನೊಳಗಿನ ಟ್ರಾನ್ಸ್‌ಫಾರ್ಮರು ಏರಿಸುವ ಕೆಲಸ ಮಾಡುತ್ತದೆ. ಸ್ಪೀಕರು ಸ್ವಭಾವತಃ ಧಾರಕವಷ್ಟೆ. ನೂರು ಪಟ್ಟು ಏರಿಸುವ ಟ್ರಾನ್ಸ್‌ಫಾರ್ಮರಿನ ಮೂಲಕ ನೋಡಿದರೆ ಅದರ ಧಾರಕತೆಯು 10,000 ಪಟ್ಟಾಗಿ ತೋರುತ್ತದೆ! ಸ್ವರವು ತಾರಕ್ಕೇರಿದಂತೆಲ್ಲ ಪ್ರತಿಬಾಧೆ ಕುಸಿಯುತ್ತದೆ: ನಡುಸ್ವರಗಳಲ್ಲಿ ಹತ್ತಾರು ಓಂ ಇದ್ದುದು ಅತ್ಯುಚ್ಚ ಸ್ವರಗಳಲ್ಲಿ ಎರಡು ಓಂ ಆಸುಪಾಸಿಗೆ ಇಳಿಯಬಹುದು.

ವರ್ಧಕದ ಹೊರಹರಿವಿನ ಅಂಶವೊಂದನ್ನು ತಪ್ಪು ತಿದ್ದುವುದಕ್ಕಾಗಿ ಒಳಕ್ಕೆ ಮರಳಿಸಿರುತ್ತಾರೆ. ಧಾರಕದ ದೆಸೆಯಿಂದ ಅದು ತಡವಾಗಿ ಬಂದರೆ ತಿದ್ದುಪಡಿಯೇ ತಪ್ಪನ್ನು ಬೆಳೆಸುತ್ತದೆ; ವರ್ಧಕವು ಕಿವಿಗೆ ಕೇಳಿಸದ ಆವೃತ್ತಿಯಲ್ಲಿ ತಾನೇ ಕಂಪಿಸತೊಡಗಿ ಕಾದು ಕೆಡಬಹುದು. ಧಾರಕವನ್ನು ತಾಳಿಕೊಳ್ಳಬಲ್ಲ ವರ್ಧಕವನ್ನೇ ಆರಿಸುವುದು ಮೊದಲ ಉಪಾಯ. ಒಂದು ಓಮಿನಷ್ಟು ತಡೆಯನ್ನು ಸಾಲಿನಲ್ಲಿ ಸೇರಿಸುವುದೂ ಉಂಟು. ಅದರಿಂದ ಮೇಲಿನ ಸ್ವರಗಳು ತುಸು ಮಂದವಾಗುತ್ತವೆ.

ಎಲ್ಲಮ್ಮನ ಗುಡ್ಡದ ಧೂಳಿಗೂ ಗಾಳಿಗೂ ಈ ಪೊರೆ ತಕ್ಕುದಲ್ಲ. ಅಲ್ಲಿ ಕಹಳೆಯೇ ಸರಿ. ಆದರೆ ಬೆಳಗಾವಿ ಜಿಲ್ಲೆಯ ಸುಳೇಭಾವಿಯಲ್ಲಿ ಹುಟ್ಟಿದ ಕುಮಾರ ಗಂಧರ್ವರ ಧ್ವನಿಮುದ್ರಿಕೆಯನ್ನು ಶಾಂತವಾದ ಕೋಣೆಯಲ್ಲಿ, ಸರಿಯಾಗಿ ಹೊಂದಿಸಿದ ಇಂಥ ಸ್ಪೀಕರಿನಲ್ಲಿ ಹಾಕಿದರೆ, ಹಾಡುಗಾರಿಕೆಯ ಹಿಂದಿನ ತಂಬೂರಿಯ ಒಂದೊಂದು ತಂತಿಯ ಮಿಡಿತವೂ ಬೇರೆಬೇರೆಯಾಗಿ ಕೇಳಿಬರುತ್ತದೆ.