ಸಿಂಹಗಡವೂ ನಮ್ಮ ಹೃದಯವೂ

'ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ' ಎಂಬ ಹಿರಿಯರ ಮಾತಿನ ಅರ್ಥ ಪುಣೆಯಲ್ಲಿ ನೆಲೆಸಿದ ಕನ್ನಡಿಗರಾದ ನಮಗೆ ಚೆನ್ನಾಗಿ ತಿಳಿದಿರಬೇಕು. ಆಕಾಶ ತಿಳಿಯಾಗಿರುವ ದಿನ ಮಾಳಿಗೆಯೇರಿ ನೈಋತ್ಯದತ್ತ ನೋಡಿದರೆ, ದೂರದರ್ಶನದ ಗೋಪುರವನ್ನು ಹೊತ್ತ ಸಿಂಹಗಡ ಕಾಣಿಸುತ್ತದೆ. ಧಾರವಾಡ, ವಿಜಯಪುರ, ಕಲಬುರ್ಗಿಗಳ ಕಡೆಯಿಂದ ಉದ್ಯೋಗವನ್ನರಸಿ ಬಂದ ನಾವು ಸಹ್ಯಾದ್ರಿಯ ಮಗ್ಗುಲಲ್ಲೇ ಮನೆ ಮಾಡಿಕೊಂಡಿದ್ದರೂ ಈ ಗಡವನ್ನು ಏರುವುದು ವರ್ಷಕ್ಕೊಮ್ಮೆ, ಅದೂ ಊರಿನಿಂದ ನೆಂಟರು ಬಂದಾಗ. ಉಳಿದ ದಿನಗಳೆಲ್ಲ ಕುರ್ಚಿ, ಕಡತ ಮತ್ತು ಸ್ಕೂಟರುಗಳಿಗೆ ಮೀಸಲು. ಹೀಗೆ ಕುಳಿತು ಬಾಳಿದ ದೇಹವನ್ನು ಒಮ್ಮೆಲೇ ಗುಡ್ಡಕ್ಕೆ ಒಡ್ಡಿದರೆ ಏನಾದೀತೆಂಬುದನ್ನು ನಾನು ಅನುಭವದಿಂದ ಕಲಿತೆ. ಅದನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

2018ರ ಜುಲೈ ತಿಂಗಳ ಒಂದು ರವಿವಾರ. ನನಗಾಗ 52 ವರ್ಷ. ಅಕ್ಕನ ಮಗನೊಡನೆ ಅತಕರವಾಡಿಯಿಂದ ಕಾಲುದಾರಿ ಹಿಡಿದೆ. ಅಲ್ಲಿಂದ ಗಡದ ಪುಣೆ ದರವಾಜೆಯವರೆಗಿನ ದಾರಿ ಸುಮಾರು ಎರಡೂವರೆ ಕಿಲೋಮೀಟರು. ಅಷ್ಟರಲ್ಲೇ 500 ಮೀಟರಿಗೂ ಮಿಕ್ಕ ಏರು. ಮಂಜು ಮುಸುಕಿದ ಹಾದಿಯಲ್ಲಿ ಅಳಿಯ ಆಡಿನ ಮರಿಯಂತೆ ಮುಂದೆ ಸಾಗುತ್ತಿದ್ದ. ಅವನಿಗೆ ಸೋಲಬಾರದೆಂಬ ಹಟ ನನಗೆ. ಅರ್ಧದಾರಿಯಲ್ಲಿ ಎದೆಯ ನಡುವೆ ಯಾರೋ ಕಲ್ಲು ಹೇರಿದಂತಾಯಿತು. ಎಡತೋಳು ಜೋಮು ಹಿಡಿಯಿತು. ಆದರೂ ನಡೆದೆ. ತಿರುವಿನಲ್ಲಿ ಮಜ್ಜಿಗೆ ಮಾರುತ್ತಿದ್ದ ವೃದ್ಧೆಯೊಬ್ಬಳು ನನ್ನ ಮುಖವನ್ನು ನೋಡಿ, "ಕಾಕಾ, ಗಡ ಕುಠೇ ಪಳೂನ ಜಾತ ನಾಹೀ, ಬಸಾ" ಎಂದಳು. ಗಡ ಎಲ್ಲಿಗೂ ಓಡಿಹೋಗುವುದಿಲ್ಲ, ಕುಳಿತುಕೊಳ್ಳಿರಿ!

ಕುಳಿತೆ. ಐದು ನಿಮಿಷಗಳಲ್ಲಿ ಭಾರ ಇಳಿಯಿತು. ಇನ್ನೇನು ಏಳಬೇಕೆಂದಿದ್ದೆ, ಮರಳಿ ಬಂದ ಅಳಿಯ ಬಿಡಲಿಲ್ಲ. ಅವನ ಭುಜ ಹಿಡಿದು ಮೆಲ್ಲನೆ ಕೆಳಗಿಳಿದೆ. ಮರುದಿನದ ಪರೀಕ್ಷೆಯಲ್ಲಿ ಹೃದಯದ ಒಂದು ರಕ್ತನಾಳ ಬಹಳ ಕಿರಿದಾಗಿರುವುದು ಗೊತ್ತಾಗಿ ಸ್ಟೆಂಟ್ ಅಳವಡಿಸಬೇಕಾಯಿತು. "ಹಿಂದಿರುಗಿದ್ದೇ ನಿಮ್ಮನ್ನು ಉಳಿಸಿತು" ಎಂದರು ವೈದ್ಯರು.

ಏರುವಾಗ ಆಗುವುದೇನು?

ಸಮತಟ್ಟಾದ ನೆಲದಲ್ಲಿ ನಾವು ದೇಹವನ್ನು ಮುಂದಕ್ಕೆ ಒಯ್ದರೆ ಸಾಕು. ಏರಿನಲ್ಲಾದರೋ ಪ್ರತಿ ಹೆಜ್ಜೆಗೂ ನಮ್ಮ ಇಡೀ ತೂಕವನ್ನು ನಾವೇ ಎತ್ತಬೇಕು. ಸ್ನಾಯುಗಳು ಹೆಚ್ಚು ಪ್ರಾಣವಾಯುವನ್ನು ಬೇಡುತ್ತವೆ. ಹೃದಯದ ಬಡಿತವೂ ರಕ್ತದ ಒತ್ತಡವೂ ಏರುತ್ತವೆ. ಹೃದಯಕ್ಕೇ ರಕ್ತ ಒದಗಿಸುವ ನಾಳಗಳು ಕಿರಿದಾಗಿದ್ದರೆ ಆ ಬೇಡಿಕೆ ಪೂರೈಸದೆ ಎದೆಯಲ್ಲಿ ಬಿಗಿತ ಕಾಣಿಸುತ್ತದೆ. ಅದು ತೋಳಿಗೆ, ದವಡೆಗೆ ಹರಡಲೂಬಹುದು. ಕುಳಿತಾಗ ಬೇಡಿಕೆ ತಗ್ಗಿ ನೋವು ಮಾಯವಾಗುತ್ತದೆ. ಹೀಗೆ ಮಾಯವಾಗುವುದನ್ನು ಗುಣವೆಂದು ಬಗೆಯಬಾರದು. ಅದು ಎಚ್ಚರಿಕೆಯ ಗಂಟೆ. ವಿಶ್ರಮಿಸಿದರೂ ನೋವು ನಿಲ್ಲದೆ, ಬೆವರು, ವಾಕರಿಕೆಗಳು ಜೊತೆಗೂಡಿದರೆ ಕ್ಷಣವೂ ತಡಮಾಡದೆ 108ಕ್ಕೆ ದೂರವಾಣಿ ಮಾಡಬೇಕು.

ಹಾಗೆಂದು ಗುಡ್ಡ ನಮ್ಮ ವೈರಿಯಲ್ಲ. ಲಂಡನ್ನಿನ ವೈದ್ಯವಿಜ್ಞಾನಿ ಜೆರಿಮಿ ಮಾರಿಸ್ ಮತ್ತು ಸಂಗಡಿಗರು 1953ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಪ್ರಸಿದ್ಧವಾಗಿದೆ. ಅಲ್ಲಿಯ ಎರಡಂತಸ್ತಿನ ಬಸ್ಸುಗಳಲ್ಲಿ ದಿನವಿಡೀ ಕುಳಿತಿರುವ ಚಾಲಕರಿಗಿಂತ, ನೂರಾರು ಮೆಟ್ಟಿಲು ಹತ್ತಿ ಇಳಿಯುವ ಕಂಡಕ್ಟರುಗಳಲ್ಲಿ ಹೃದಯರೋಗ ಕಡಿಮೆಯಿತ್ತು. ಕಂಡಕ್ಟರರ ಮೆಟ್ಟಿಲುಗಳು ದಿನದಿನದವು ಎಂಬುದನ್ನು ಮಾತ್ರ ಮರೆಯಲಾಗದು. ವರ್ಷಕ್ಕೊಂದು ದಿನದ ಶೌರ್ಯದಿಂದ ಆ ಫಲ ದೊರೆಯದು.

ಮೂರು ಗುಡ್ಡಗಳ ಏಣಿ

ಆರು ವಾರ ಮನೆಯ ಸುತ್ತ ನಡೆದ ಮೇಲೆ ಟ್ರೆಡ್‌ಮಿಲ್ ಪರೀಕ್ಷೆ ಮಾಡಿ ವೈದ್ಯರು ನನಗೆ ಪರ್ವತಿಗೆ ಅನುಮತಿಯಿತ್ತರು. ಪೇಶ್ವೆ ನಾನಾಸಾಹೇಬರು ಕಟ್ಟಿಸಿದ ದೇವಾಲಯಕ್ಕೆ 103 ಅಗಲವಾದ ಮೆಟ್ಟಿಲುಗಳು. ಮೊದಲ ದಿನ ನಾಲ್ಕು ಸಲ ನಿಂತೆ. ಎರಡು ತಿಂಗಳಲ್ಲಿ ನಿಲ್ಲದೆ ಏರಿದೆ. ಅನಂತರ ವೇತಾಳ ಟೇಕಡಿ. ಸುಮಾರು 800 ಮೀಟರ್ ಎತ್ತರದ ಇದು ನಗರದೊಳಗಿನ ಅತಿ ಎತ್ತರದ ಗುಡ್ಡ; ಏರು ಹಿತಮಿತ, ಮುಂಜಾನೆ ನವಿಲಿನ ಕೂಗು. ಸಿಂಹಗಡ ಮೂರನೆಯ ಮೆಟ್ಟಿಲು. ಅದನ್ನೂ ಜಯಿಸಿದ ತರುಣರಿಗೆ, 2025ರಲ್ಲಿ ಯುನೆಸ್ಕೋ ವಿಶ್ವಪರಂಪರೆಯ ಪಟ್ಟಿ ಸೇರಿದ ಮರಾಠಾ ಕೋಟೆಗಳ ಪೈಕಿ ಲೋಹಗಡ, ರಾಜಗಡಗಳು ಈ ಜಿಲ್ಲೆಯಲ್ಲೇ ಕಾದಿವೆ.

ವೇಗದ ಅಳತೆ ಸುಲಭ. ಏರುವಾಗ ಸಂಗಾತಿಯೊಡನೆ ಮಾತನಾಡಲು ಬರಬೇಕು, ಹಾಡಲು ಬರಬಾರದು. ಮಾತೂ ಕಡಿದುಹೋದರೆ ನಿಲ್ಲಬೇಕು. ಪ್ರಾಯದವರು ವಾರಕ್ಕೆ ಕಡಿಮೆಯೆಂದರೂ 150 ನಿಮಿಷ ಇಂಥ ಮಧ್ಯಮ ಶ್ರಮ ಮಾಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ನಾಲ್ವತ್ತು ದಾಟಿದವರು, ರಕ್ತದೊತ್ತಡ ಅಥವಾ ಸಕ್ಕರೆ ಕಾಯಿಲೆ ಇರುವವರು, ಧೂಮಪಾನಿಗಳು ಮೊದಲು ವೈದ್ಯರನ್ನು ಕಾಣುವುದು ಲೇಸು.

ಇಳಿಯುವಾಗಲೂ ಎಚ್ಚರ

ಏರಿದ ಮೇಲೆ ಕೆಲಸ ಮುಗಿಯಿತೆಂದು ತಿಳಿಯುವವರೇ ಹೆಚ್ಚು. ಇಳಿಯುವಾಗ ತೊಡೆಯ ಸ್ನಾಯುಗಳು ಹಿಗ್ಗುತ್ತಲೇ ದೇಹದ ಭಾರವನ್ನು ತಡೆಹಿಡಿಯುತ್ತವೆ. ಮರುದಿನ, ಅದರ ಮರುದಿನ ಕಾಲು ನೋಯುವುದು ಇದರಿಂದಲೇ. ಆದರೆ ಇಳಿಜಾರಿಗೂ ಅದರದೇ ಗುಣವಿದೆ. ಆಸ್ಟ್ರಿಯಾದ ಆಲ್ಪ್ಸ್ ಪರ್ವತದಲ್ಲಿ ನಡೆಸಿದ ಪ್ರಯೋಗವೊಂದರಲ್ಲಿ ಏರುವುದರಿಂದ ರಕ್ತದ ಕೊಬ್ಬು ತಗ್ಗಿದರೆ, ಇಳಿಯುವುದರಿಂದ ಸಕ್ಕರೆಯನ್ನು ನಿಭಾಯಿಸುವ ದೇಹಶಕ್ತಿ ಸುಧಾರಿಸಿತ್ತು. ಸಣ್ಣ ಹೆಜ್ಜೆ, ತುಸು ಬಾಗಿದ ಮೊಣಕಾಲು, ಕೈಯಲ್ಲೊಂದು ಕೋಲು: ಇಷ್ಟಿದ್ದರೆ ಕೀಲುಗಳು ಉಳಿಯುತ್ತವೆ. ಮಳೆಗಾಲದಲ್ಲಿ ಸಹ್ಯಾದ್ರಿಯ ಕರಿಗಲ್ಲು ಪಾಚಿಗಟ್ಟಿ ಜಾರುತ್ತದೆ. ಹಿಡಿತವುಳ್ಳ ಬೂಟು ಬೇಕು, ಚಪ್ಪಲಿ ಸಲ್ಲದು. ಮಾರ್ಚಿನಿಂದ ಮೇ ತನಕ ಸೂರ್ಯೋದಯಕ್ಕೆ ಮುನ್ನವೇ ಹೊರಡಬೇಕು.

ಚೀಲದಲ್ಲಿ ತಲೆಗೆ ಎರಡು ಲೀಟರ್ ನೀರಿರಲಿ. ಸಕ್ಕರೆ ಕಾಯಿಲೆಗೆ ಮಾತ್ರೆ, ಇನ್ಸುಲಿನ್ ತೆಗೆದುಕೊಳ್ಳುವವರ ಕಿಸೆಯಲ್ಲಿ ಬೆಲ್ಲವೋ ಪೇಪರಮಿಂಟೋ ಇರಲೇಬೇಕು; ಶ್ರಮದಿಂದ ಸಕ್ಕರೆ ದಿಢೀರನೆ ಕುಸಿಯಬಹುದು. ಒಬ್ಬರೇ ಹೋಗುವುದು ಬೇಡ.

2020ರ ಜನವರಿಯಲ್ಲಿ ಅದೇ ಅಳಿಯನೊಡನೆ ಮತ್ತೆ ಹೋದೆ. ಈ ಸಲ ಅವನು ಹಿಂದೆ, ನಾನು ಮುಂದೆ, ವೇಗ ನನ್ನದು. ಅದೇ ತಿರುವಿನಲ್ಲಿ ಆ ತಾಯಿ ಇದ್ದಳು. ಅವಳಿಗೆ ನನ್ನ ಗುರುತಿರಲಿಲ್ಲ. ನಾನು ಮಜ್ಜಿಗೆ ಕುಡಿದು ಕೈಮುಗಿದೆ. ಗಡದ ಮೇಲೆ ಪಿಠಲೆ-ಭಾಕರಿ, ಅಂದರೆ ನಮ್ಮ ಜುಣಕ-ರೊಟ್ಟಿಯ ಸೋದರ, ಮತ್ತು ಮಡಕೆಯ ಮೊಸರು. ಕಾಂದಾಭಜಿಯ ಪರಿಮಳವನ್ನು ಮಾತ್ರ ಸೇವಿಸಿದೆ.

ಕೆಳಗೆ ಖಡಕವಾಸಲೆಯ ನೀರು ಹೊಳೆಯುತ್ತಿತ್ತು. ಅಲ್ಲಿಂದ ಹರಿಯುವ ಮುಠಾ ಪುಣೆಯಲ್ಲಿ ಮುಳೆಯನ್ನು ಕೂಡಿ, ಮುಂದೆ ಭೀಮೆಯನ್ನು ಸೇರಿ, ವಿಜಯಪುರ, ಕಲಬುರ್ಗಿಗಳ ನೆಲವನ್ನು ತೋಯಿಸುತ್ತದೆ. ಈ ಗುಡ್ಡದ ಮಳೆ ನಮ್ಮ ತವರಿಗೂ ಹೋಗುತ್ತದೆಂದ ಮೇಲೆ ಗುಡ್ಡ ನಮಗೆ ಪರಕೀಯವಾದೀತೆ? ನಾಳೆ ಬೆಳಿಗ್ಗೆ ಪರ್ವತಿಯ ಹತ್ತು ಮೆಟ್ಟಿಲುಗಳಿಂದಲೇ ಆರಂಭಿಸೋಣ. ಆಯಾಸವೆನಿಸಿದರೆ ಕುಳಿತುಕೊಳ್ಳೋಣ. ಗಡ ಎಲ್ಲಿಗೂ ಓಡಿಹೋಗುವುದಿಲ್ಲ.