ಸ್ನಾತಕೋತ್ತರ ಶಿಕ್ಷಣ: ನಿರ್ಧಾರ, ಅರ್ಜಿ ಮತ್ತು ವೆಚ್ಚ
(ಕೊಳ್ಳೇಗಾಲ, ಹನೂರು ಮತ್ತು ಯಳಂದೂರು ತಾಲ್ಲೂಕುಗಳ ವಿದ್ಯಾರ್ಥಿಗಳು ಹಾಗೂ ಪೋಷಕರ ಮಾಹಿತಿಗಾಗಿ)

ಪೀಠಿಕೆ

ಕೊಳ್ಳೇಗಾಲ, ಹನೂರು ಮತ್ತು ಯಳಂದೂರು ತಾಲ್ಲೂಕುಗಳ ಪ್ರಥಮ ದರ್ಜೆ ಕಾಲೇಜುಗಳಿಂದ ಪ್ರತಿ ವರ್ಷ ಪದವಿ ಪಡೆದು ಹೊರಬರುವ ವಿದ್ಯಾರ್ಥಿಗಳಲ್ಲಿ ಅನೇಕರು ತಮ್ಮ ಕುಟುಂಬದ ಮೊದಲ ಪದವೀಧರರಾಗಿರುತ್ತಾರೆ. ಮುಂದೆ ಓದಬೇಕೇ, ಎಲ್ಲಿ ಓದಬೇಕು, ಅದಕ್ಕೆ ಹಣ ಹೇಗೆ ಹೊಂದಿಸಬೇಕು ಎಂಬ ಪ್ರಶ್ನೆಗಳಿಗೆ ಮನೆಯಲ್ಲಿ ಉತ್ತರ ಹೇಳುವವರು ಇಲ್ಲದಿರುವುದು ಸಾಮಾನ್ಯ. ಸರ್ಕಾರದ ನೆರವು ಹಲವು ರೂಪಗಳಲ್ಲಿ ಲಭ್ಯವಿದ್ದರೂ, ದಾಖಲೆಗಳು ಸಕಾಲದಲ್ಲಿ ಸಿದ್ಧವಿಲ್ಲದ ಕಾರಣ ಅರ್ಹರಿಗೂ ಅದು ತಪ್ಪಿಹೋಗುವುದುಂಟು. ಆದುದರಿಂದ ಪದವಿಯ ಐದನೇ ಸೆಮಿಸ್ಟರ್‌ನಿಂದಲೇ ಕೈಗೊಳ್ಳಬೇಕಾದ ಕ್ರಮಗಳನ್ನು ಈ ಕೆಳಕಂಡಂತೆ ವಿವರಿಸಲಾಗಿದೆ.

1. ಸ್ನಾತಕೋತ್ತರ ಪದವಿ ಯಾವ ಉದ್ದೇಶಕ್ಕೆ ಅಗತ್ಯ?

ಮೊದಲು ಉದ್ದೇಶವನ್ನು ಸ್ಪಷ್ಟಪಡಿಸಿಕೊಳ್ಳುವುದು ಸೂಕ್ತ.

(ಅ) ಪದವಿ ಮಾತ್ರ ಸಾಕಾಗುವ ಹುದ್ದೆಗಳು: ಕೆ.ಎ.ಎಸ್., ಪ್ರಥಮ ದರ್ಜೆ ಸಹಾಯಕ, ಪಂಚಾಯತಿ ಅಭಿವೃದ್ಧಿ ಅಧಿಕಾರಿ ಮುಂತಾದ ಹುದ್ದೆಗಳ ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಯಾವುದೇ ಮಾನ್ಯ ಪದವಿ ಸಾಕು. ಈ ಗುರಿಯುಳ್ಳವರು ಸ್ನಾತಕೋತ್ತರ ವ್ಯಾಸಂಗಕ್ಕಾಗಿಯೇ ಎರಡು ವರ್ಷ ವ್ಯಯಿಸಬೇಕಾದ ಅಗತ್ಯವಿಲ್ಲ.

(ಆ) ಪದವಿಯೊಂದಿಗೆ ಬಿ.ಇಡ್. ಬೇಕಾಗುವುದು: ಪ್ರೌಢಶಾಲಾ ಶಿಕ್ಷಕರ ಹುದ್ದೆ.

(ಇ) ಸ್ನಾತಕೋತ್ತರ ಪದವಿ ಕಡ್ಡಾಯವಾಗಿರುವುದು: ಪದವಿಪೂರ್ವ ಕಾಲೇಜು ಉಪನ್ಯಾಸಕರ ಹುದ್ದೆಗೆ ಸ್ನಾತಕೋತ್ತರ ಪದವಿಯ ಜೊತೆಗೆ ಬಿ.ಇಡ್. ಅಗತ್ಯ. ಪದವಿ ಕಾಲೇಜಿನ ಸಹಾಯಕ ಪ್ರಾಧ್ಯಾಪಕರ ಹುದ್ದೆಗೆ ಸ್ನಾತಕೋತ್ತರ ಪದವಿಯಲ್ಲಿ ಸಾಮಾನ್ಯವಾಗಿ ಶೇ. 55 ಅಂಕಗಳು ಮತ್ತು ನೆಟ್ ಅಥವಾ ಕೆಸೆಟ್ ಅರ್ಹತೆ ಅಥವಾ ಪಿಎಚ್.ಡಿ. ಬೇಕು. ಮೀಸಲಾತಿ ವರ್ಗಗಳಿಗೆ ಅಂಕಗಳಲ್ಲಿ ನಿಯಮಾನುಸಾರ ಸಡಿಲಿಕೆ ಇರುತ್ತದೆ. ಆದುದರಿಂದ ಪ್ರವೇಶ ದೊರೆತರಷ್ಟೇ ಸಾಲದು, ಎಷ್ಟು ಅಂಕ ಗಳಿಸಬೇಕೆಂಬುದನ್ನು ಮೊದಲ ದಿನದಿಂದಲೇ ಗಮನದಲ್ಲಿಟ್ಟುಕೊಳ್ಳತಕ್ಕದ್ದು.

(ಈ) ಸಂಶೋಧನೆ: ನೆಟ್ ಪರೀಕ್ಷೆಯಲ್ಲಿ ಕಿರಿಯ ಸಂಶೋಧನಾ ಶಿಷ್ಯವೇತನ ಪಡೆದವರಿಗೆ 2023ರಿಂದ ಮಾಸಿಕ ರೂ. 37,000 ನಿಗದಿಯಾಗಿದೆ. ಪರಿಶಿಷ್ಟ ವರ್ಗದವರಿಗೆ ಕೇಂದ್ರ ಸರ್ಕಾರದ ಪ್ರತ್ಯೇಕ ರಾಷ್ಟ್ರೀಯ ಶಿಷ್ಯವೇತನವೂ ಉಂಟು. ಬಿಳಿಗಿರಿರಂಗನ ಬೆಟ್ಟದ ಸೋಲಿಗ ಸಮುದಾಯದ ಡಾ. ಸಿ. ಮಾದೇಗೌಡ ಅವರು ಪಿಎಚ್.ಡಿ. ಪದವಿ ಪಡೆದು ತಮ್ಮ ಜನರ ಅರಣ್ಯ ಹಕ್ಕುಗಳ ವಿಷಯದಲ್ಲಿ ಕೆಲಸ ಮಾಡಿರುವುದು ಈ ಭಾಗದ ಗಿರಿಜನ ವಿದ್ಯಾರ್ಥಿಗಳ ಮುಂದಿರುವ ನಿದರ್ಶನವಾಗಿದೆ.

ರಾಜ್ಯ ಸರ್ಕಾರದ ಯುವನಿಧಿ ಯೋಜನೆಯಡಿ ನಿರುದ್ಯೋಗಿ ಪದವೀಧರರಿಗೆ ಗರಿಷ್ಠ ಎರಡು ವರ್ಷಗಳವರೆಗೆ ಮಾಸಿಕ ರೂ. 3,000 ನೀಡಲಾಗುತ್ತದೆ. ಉನ್ನತ ವ್ಯಾಸಂಗ ಮುಂದುವರಿಸುವವರು ಈ ಸೌಲಭ್ಯಕ್ಕೆ ಅರ್ಹರಲ್ಲ ಎಂಬುದನ್ನು ಲೆಕ್ಕ ಹಾಕುವಾಗ ಮರೆಯಬಾರದು.

2. ಎಲ್ಲಿ ಓದಬಹುದು?

ಕೊಳ್ಳೇಗಾಲದಿಂದ ಮೈಸೂರು ಸುಮಾರು 60 ಕಿ.ಮೀ., ಚಾಮರಾಜನಗರ ಸುಮಾರು 40 ಕಿ.ಮೀ. ದೂರದಲ್ಲಿವೆ. ಹನೂರಿನವರು ಇದಕ್ಕೆ ಮತ್ತೆ ಸುಮಾರು 25 ಕಿ.ಮೀ. ಸೇರಿಸಿಕೊಳ್ಳಬೇಕು. ಕೊಳ್ಳೇಗಾಲಕ್ಕೆ ರೈಲು ಸಂಪರ್ಕವಿಲ್ಲದ ಕಾರಣ ಬಸ್ಸೇ ಆಧಾರ. 2023ರ ಜೂನ್ 11ರಿಂದ ಜಾರಿಯಲ್ಲಿರುವ ಶಕ್ತಿ ಯೋಜನೆಯಿಂದ ರಾಜ್ಯದ ಮಹಿಳೆಯರಿಗೆ ಸಾಮಾನ್ಯ ಸಾರಿಗೆ ಬಸ್ಸುಗಳಲ್ಲಿ ಪ್ರಯಾಣ ಉಚಿತವಾಗಿದ್ದು, ವಿದ್ಯಾರ್ಥಿನಿಯರಿಗೆ ದಿನನಿತ್ಯ ಹೋಗಿಬರುವ ವೆಚ್ಚ ಉಳಿದಿದೆ. ಆದರೆ ಸಮಯದ ವೆಚ್ಚ ಉಳಿಯುವುದಿಲ್ಲ. ರಾಮಾಪುರ, ಲೊಕ್ಕನಹಳ್ಳಿ ಮತ್ತು ಮಲೆ ಮಹದೇಶ್ವರ ಬೆಟ್ಟದ ಕಡೆಯವರಿಗೆ ವಿದ್ಯಾರ್ಥಿನಿಲಯದ ವಾಸವೇ ಸೂಕ್ತ.

ಮೈಸೂರು ವಿಶ್ವವಿದ್ಯಾನಿಲಯವು (ಸ್ಥಾಪನೆ 1916) ಮಾನಸಗಂಗೋತ್ರಿಯಲ್ಲಿ ಹೆಚ್ಚಿನ ವಿಷಯಗಳಲ್ಲಿ ಸ್ನಾತಕೋತ್ತರ ವಿಭಾಗಗಳನ್ನು ಹೊಂದಿದೆ. ಅದರ ಚಾಮರಾಜನಗರದ ಸ್ನಾತಕೋತ್ತರ ಕೇಂದ್ರವು ಮುಂದೆ ಚಾಮರಾಜನಗರ ವಿಶ್ವವಿದ್ಯಾಲಯವಾಗಿ ರೂಪುಗೊಂಡಿತು. ಹೊಸ ವಿಶ್ವವಿದ್ಯಾಲಯಗಳ ಮುಂದುವರಿಕೆಯ ಪ್ರಶ್ನೆಯನ್ನು ಸಚಿವ ಸಂಪುಟದ ಉಪಸಮಿತಿಯು 2025ರಲ್ಲಿ ಪರಿಶೀಲಿಸಿರುವುದರಿಂದ, ಪದವಿ ಪ್ರದಾನ ಮಾಡುವ ವಿಶ್ವವಿದ್ಯಾಲಯ ಯಾವುದು ಎಂಬುದನ್ನು ಆಯಾ ವರ್ಷದ ಪ್ರವೇಶ ಅಧಿಸೂಚನೆಯಲ್ಲಿ ಓದಿ ಖಚಿತಪಡಿಸಿಕೊಳ್ಳತಕ್ಕದ್ದು.

ಉದ್ಯೋಗದಲ್ಲಿದ್ದುಕೊಂಡೇ ಓದಬಯಸುವವರಿಗೆ ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯ (ಸ್ಥಾಪನೆ 1996) ಇದೆ. ಇದರ ಯು.ಜಿ.ಸಿ. ಮಾನ್ಯತೆಗೆ 2013-14ರಿಂದ ತಡೆಯುಂಟಾಗಿ, 2018-19ರಿಂದ ಪುನಃ ದೊರೆಯಿತು. ನಡುವಿನ ವರ್ಷಗಳಲ್ಲಿ ಸಾವಿರಾರು ವಿದ್ಯಾರ್ಥಿಗಳು ಅನುಭವಿಸಿದ ತೊಂದರೆಯನ್ನು ನೆನೆದು, ಯಾವುದೇ ಸಂಸ್ಥೆಗೆ ಹಣ ಕಟ್ಟುವ ಮೊದಲು ಸಂಬಂಧಿಸಿದ ಕೋರ್ಸಿಗೆ ಆ ವರ್ಷ ಮಾನ್ಯತೆ ಇದೆಯೇ ಎಂದು ಯು.ಜಿ.ಸಿ. ಜಾಲತಾಣದಲ್ಲಿ ನೋಡುವುದು ಕಡ್ಡಾಯವೆಂದು ಭಾವಿಸತಕ್ಕದ್ದು.

3. ಅರ್ಜಿ ಸಲ್ಲಿಸುವ ಕಾಲ

ಪದವಿಯ ಫಲಿತಾಂಶ ಬಂದ ನಂತರ ಅರ್ಜಿ ಹಾಕಿದರಾಯಿತು ಎಂಬ ಭಾವನೆ ಸಾಮಾನ್ಯವಾಗಿದೆ. ಇದು ರಾಜ್ಯದ ವಿಶ್ವವಿದ್ಯಾಲಯಗಳಿಗೆ ಮಾತ್ರ ಬಹುಮಟ್ಟಿಗೆ ಸರಿ.

* ಐ.ಐ.ಟಿ.ಗಳ ಎಂ.ಎಸ್ಸಿ. ಪ್ರವೇಶಕ್ಕೆ ಜ್ಯಾಮ್ ಪರೀಕ್ಷೆ: ಅರ್ಜಿ ಸೆಪ್ಟೆಂಬರ್-ಅಕ್ಟೋಬರ್, ಪರೀಕ್ಷೆ ಫೆಬ್ರವರಿ.
* ಕಲಬುರಗಿಯ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯ ಸೇರಿದಂತೆ ಕೇಂದ್ರೀಯ ವಿಶ್ವವಿದ್ಯಾಲಯಗಳಿಗೆ ಸಿ.ಯು.ಇ.ಟಿ.-ಪಿ.ಜಿ.: ಸಾಮಾನ್ಯವಾಗಿ ಅರ್ಜಿ ಡಿಸೆಂಬರ್-ಜನವರಿ, ಪರೀಕ್ಷೆ ಮಾರ್ಚ್.
* ಎಂ.ಬಿ.ಎ., ಎಂ.ಸಿ.ಎ., ಎಂ.ಟೆಕ್. ಪ್ರವೇಶಕ್ಕೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಪಿ.ಜಿ.ಸಿ.ಇ.ಟಿ.: ಪ್ರಾಧಿಕಾರದ ಅಧಿಸೂಚನೆಯಂತೆ.
* ರಾಜ್ಯದ ವಿಶ್ವವಿದ್ಯಾಲಯಗಳ ಎಂ.ಎ., ಎಂ.ಕಾಂ., ಎಂ.ಎಸ್ಸಿ.: ಆಯಾ ವಿಶ್ವವಿದ್ಯಾಲಯದ ಅಧಿಸೂಚನೆಯಂತೆ.

ಮೊದಲ ಎರಡರ ಅವಧಿಯು ಅಂತಿಮ ಸೆಮಿಸ್ಟರ್ ಪರೀಕ್ಷೆಗೂ ಮುನ್ನವೇ ಮುಗಿಯುತ್ತದೆ. ಅಂತಿಮ ವರ್ಷದಲ್ಲಿರುವವರೂ ಇವುಗಳಿಗೆ ಅರ್ಜಿ ಸಲ್ಲಿಸಬಹುದು.

4. ವೆಚ್ಚದ ಲೆಕ್ಕ

ಶುಲ್ಕವೊಂದನ್ನೇ ವೆಚ್ಚವೆಂದು ಭಾವಿಸುವುದು ಸರಿಯಲ್ಲ. ಲೆಕ್ಕ ಹಾಕುವ ಕ್ರಮವನ್ನು ತಿಳಿಸಲು ಮಾತ್ರ ಒಂದು ಕಾಲ್ಪನಿಕ ಉದಾಹರಣೆಯನ್ನು ಕೊಡಲಾಗಿದೆ. ಮೊತ್ತಗಳನ್ನು ತಮ್ಮ ಪರಿಸ್ಥಿತಿಗೆ ತಕ್ಕಂತೆ ಬದಲಿಸಿಕೊಳ್ಳಬಹುದು.

ಎರಡು ವರ್ಷಗಳ ಶುಲ್ಕ: ರೂ. 40,000
ಕೊಠಡಿ ಬಾಡಿಗೆ ಮತ್ತು ಊಟ (ಮಾಸಿಕ ರೂ. 5,000ದಂತೆ 20 ತಿಂಗಳು): ರೂ. 1,00,000
ಪುಸ್ತಕ, ಪ್ರಯಾಣ, ಪರೀಕ್ಷಾ ಶುಲ್ಕ: ರೂ. 20,000
ಒಟ್ಟು ಕೈಯಿಂದ ಹೋಗುವ ಹಣ: ರೂ. 1,60,000
ಬಿಟ್ಟುಕೊಡುವ ದುಡಿಮೆ (ಮಾಸಿಕ ರೂ. 10,000ದಂತೆ 24 ತಿಂಗಳು): ರೂ. 2,40,000

ಕೊಳ್ಳೇಗಾಲದ ಮಗ್ಗದ ಮನೆಗಾಗಲಿ, ಹನೂರಿನ ಮಳೆಯಾಶ್ರಿತ ರೈತನಿಗಾಗಲಿ ಕೊನೆಯ ಸಾಲಿನ ಮೊತ್ತವೇ ದೊಡ್ಡದು. ಅದನ್ನು ಯಾವ ವಿದ್ಯಾರ್ಥಿವೇತನವೂ ಪೂರ್ತಿಯಾಗಿ ತುಂಬಿಕೊಡುವುದಿಲ್ಲ. ಮನೆಯವರು ಒಟ್ಟಿಗೆ ಕುಳಿತು ಒಪ್ಪಿಕೊಳ್ಳಬೇಕಾದುದು ಇದನ್ನೇ. ಮಧ್ಯದಲ್ಲಿ ಓದು ನಿಂತರೆ ಖರ್ಚಾದ ಹಣವೂ ಕಳೆದ ಕಾಲವೂ ಎರಡೂ ವ್ಯರ್ಥವಾಗುತ್ತವೆ. ಈ ಲೆಕ್ಕದಿಂದ ಕಂಡುಬರುವ ಇನ್ನೊಂದು ಅಂಶವೆಂದರೆ, ಸರ್ಕಾರಿ ವಿದ್ಯಾರ್ಥಿನಿಲಯದಲ್ಲಿ ದೊರೆಯುವ ಒಂದು ಸ್ಥಾನವು ಶುಲ್ಕ ವಿನಾಯಿತಿಗಿಂತ ಹೆಚ್ಚು ಬೆಲೆಯುಳ್ಳದ್ದು. ಕಾಲೇಜಿನ ಅರ್ಜಿಗೆ ನೀಡುವಷ್ಟೇ ಗಮನವನ್ನು ವಿದ್ಯಾರ್ಥಿನಿಲಯದ ಅರ್ಜಿಗೂ ನೀಡತಕ್ಕದ್ದು.

5. ಲಭ್ಯವಿರುವ ನೆರವು

(ಅ) ವಿದ್ಯಾರ್ಥಿವೇತನ: ಪರಿಶಿಷ್ಟ ಜಾತಿ, ಪರಿಶಿಷ್ಟ ವರ್ಗ, ಹಿಂದುಳಿದ ವರ್ಗ ಮತ್ತು ಅಲ್ಪಸಂಖ್ಯಾತ ವಿದ್ಯಾರ್ಥಿಗಳು ಮೆಟ್ರಿಕ್ ನಂತರದ ವಿದ್ಯಾರ್ಥಿವೇತನಕ್ಕೆ ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್ (ಎಸ್.ಎಸ್.ಪಿ.) ಮೂಲಕ ಅರ್ಜಿ ಸಲ್ಲಿಸಬೇಕು. ಪರಿಶಿಷ್ಟರಿಗೆ ಕೇಂದ್ರ ಪುರಸ್ಕೃತ ಯೋಜನೆಯ ಕುಟುಂಬ ಆದಾಯ ಮಿತಿ ವಾರ್ಷಿಕ ರೂ. 2.50 ಲಕ್ಷ. ವಿದ್ಯಾರ್ಥಿನಿಲಯ ದೊರೆಯದ ಹಿಂದುಳಿದ ವರ್ಗಗಳ ವಿದ್ಯಾರ್ಥಿಗಳಿಗೆ ವಿದ್ಯಾಸಿರಿ ಯೋಜನೆಯಡಿ ಊಟ ಮತ್ತು ವಸತಿ ಸಹಾಯಧನವಿದೆ.

(ಆ) ನಿಗಮಗಳ ಸಾಲ: ಪ್ರವೇಶ ಪರೀಕ್ಷೆಯ ಮೂಲಕ ವೃತ್ತಿಪರ ಕೋರ್ಸಿಗೆ ಸೇರಿದವರಿಗೆ ಡಿ. ದೇವರಾಜ ಅರಸು ಹಿಂದುಳಿದ ವರ್ಗಗಳ ಅಭಿವೃದ್ಧಿ ನಿಗಮ ಹಾಗೂ ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮಗಳಲ್ಲಿ 'ಅರಿವು' ಶೈಕ್ಷಣಿಕ ಸಾಲ ಯೋಜನೆಯಿದೆ.

(ಇ) ಬ್ಯಾಂಕ್ ಸಾಲ: ವಿದ್ಯಾಲಕ್ಷ್ಮಿ ಪೋರ್ಟಲ್ ಮೂಲಕ ಅರ್ಜಿ ಸಲ್ಲಿಸಬಹುದು. 2024ರ ನವೆಂಬರ್‌ನಲ್ಲಿ ಕೇಂದ್ರ ಸಚಿವ ಸಂಪುಟ ಅನುಮೋದಿಸಿದ ಪಿ.ಎಂ.-ವಿದ್ಯಾಲಕ್ಷ್ಮಿ ಯೋಜನೆಯಡಿ ಆಯ್ದ ಉನ್ನತ ದರ್ಜೆಯ ಸಂಸ್ಥೆಗಳಿಗೆ ಸೇರುವವರಿಗೆ ಆಸ್ತಿ ಅಡಮಾನವಿಲ್ಲದೆ ಸಾಲ ದೊರೆಯುತ್ತದೆ. ಕುಟುಂಬದ ವಾರ್ಷಿಕ ಆದಾಯ ರೂ. 8 ಲಕ್ಷದೊಳಗಿದ್ದು ಬೇರೆ ಸರ್ಕಾರಿ ವಿದ್ಯಾರ್ಥಿವೇತನ ಪಡೆಯದವರಿಗೆ ರೂ. 10 ಲಕ್ಷದವರೆಗಿನ ಸಾಲಕ್ಕೆ ಶೇ. 3ರ ಬಡ್ಡಿ ಸಹಾಯಧನವಿದೆ. ಸಂಸ್ಥೆಯ ಹೆಸರು ಪಟ್ಟಿಯಲ್ಲಿದೆಯೇ ಎಂದು ಮೊದಲೇ ನೋಡತಕ್ಕದ್ದು.

ವಿದ್ಯಾರ್ಥಿವೇತನದ ಹಣವು ಪ್ರವೇಶದ ದಿನವೇ ಬರುವುದಿಲ್ಲ. ಆದುದರಿಂದ ಮೊದಲ ಕೆಲವು ತಿಂಗಳ ಖರ್ಚಿಗೆ ಹಣವನ್ನು ಮುಂಚಿತವಾಗಿ ಹೊಂದಿಸಿಟ್ಟುಕೊಳ್ಳಬೇಕು. ಇದಕ್ಕಾಗಿ ಹೆಚ್ಚು ಬಡ್ಡಿಯ ಕೈಸಾಲ ಮಾಡುವುದು ಉಚಿತವಲ್ಲ.

6. ಮುಂಚಿತವಾಗಿ ಸಿದ್ಧಪಡಿಸಿಕೊಳ್ಳಬೇಕಾದ ದಾಖಲೆಗಳು

* ನಾಡಕಚೇರಿಯಿಂದ ಪಡೆದ ಜಾತಿ ಮತ್ತು ಆದಾಯ ಪ್ರಮಾಣಪತ್ರ. ಅವಧಿ ಮುಗಿದಿದ್ದರೆ ಹೊಸದಾಗಿ ಪಡೆಯಬೇಕು.
* ಆಧಾರ್, ಎಸ್.ಎಸ್.ಎಲ್.ಸಿ. ಅಂಕಪಟ್ಟಿ ಮತ್ತು ಪ್ರಮಾಣಪತ್ರಗಳಲ್ಲಿ ಹೆಸರು ಒಂದೇ ರೀತಿ ಇರುವುದು. ಒಂದು ಅಕ್ಷರದ ವ್ಯತ್ಯಾಸದಿಂದಲೂ ಅರ್ಜಿ ತಡೆಯಾಗಬಹುದು.
* ವಿದ್ಯಾರ್ಥಿಯ ಹೆಸರಿನಲ್ಲಿ ಬ್ಯಾಂಕ್ ಖಾತೆ ಹಾಗೂ ಅದಕ್ಕೆ ಆಧಾರ್ ಜೋಡಣೆ. ಖಾತೆ ಇದ್ದರೂ ಜೋಡಣೆಯಾಗದಿದ್ದಲ್ಲಿ ಹಣ ಜಮೆಯಾಗುವುದಿಲ್ಲ.
* ಆಧಾರ್‌ಗೆ ಜೋಡಿಸಿದ ಮೊಬೈಲ್ ಸಂಖ್ಯೆ ಚಾಲ್ತಿಯಲ್ಲಿರುವುದು. ಸಂಪರ್ಕ ದುರ್ಬಲವಿರುವ ಕಾಡಂಚಿನ ಗ್ರಾಮದವರು ಮೊಬೈಲನ್ನು ಜೊತೆಯಲ್ಲಿ ತಂದು ಪಟ್ಟಣದಲ್ಲಿ ಅರ್ಜಿ ಸಲ್ಲಿಸುವುದು ಒಳಿತು.

7. ಪ್ರವೇಶ ರದ್ದುಪಡಿಸಿದಲ್ಲಿ

ಒಂದು ಕಡೆ ಶುಲ್ಕ ಕಟ್ಟಿದ ಬಳಿಕ ಉತ್ತಮ ಸ್ಥಳದಲ್ಲಿ ಸೀಟು ದೊರೆತಲ್ಲಿ ಹಿಂಜರಿಯಬೇಕಾಗಿಲ್ಲ. ಯು.ಜಿ.ಸಿ.ಯು 2018ರಲ್ಲಿ ಹೊರಡಿಸಿದ ಅಧಿಸೂಚನೆಯಂತೆ, ಪ್ರವೇಶದ ಕೊನೆಯ ದಿನಾಂಕಕ್ಕೆ 15 ದಿನ ಅಥವಾ ಹೆಚ್ಚು ಮೊದಲು ಹಿಂದೆ ಸರಿದರೆ ಶುಲ್ಕವನ್ನು ಹಿಂದಿರುಗಿಸಬೇಕು. ನಂತರ ದಿನ ಕಳೆದಂತೆ ಈ ಪ್ರಮಾಣ ಇಳಿಯುತ್ತ ಹೋಗಿ, ಕೊನೆಯ ದಿನಾಂಕದಿಂದ 30 ದಿನ ಮೀರಿದ ಮೇಲೆ ಏನೂ ಮರಳುವುದಿಲ್ಲ. ಸಂಸ್ಥೆಗಳು ಪರಿಶೀಲನೆಯ ನಂತರ ಮೂಲ ಪ್ರಮಾಣಪತ್ರಗಳನ್ನು ತಮ್ಮಲ್ಲಿ ಇಟ್ಟುಕೊಳ್ಳಬಾರದೆಂದೂ ಇದರಲ್ಲಿ ತಿಳಿಸಲಾಗಿದೆ.

8. ಹೆಚ್ಚಿನ ಮಾಹಿತಿಗಾಗಿ

ಸಮಾಜ ಕಲ್ಯಾಣ, ಪರಿಶಿಷ್ಟ ವರ್ಗಗಳ ಕಲ್ಯಾಣ, ಹಿಂದುಳಿದ ವರ್ಗಗಳ ಕಲ್ಯಾಣ ಮತ್ತು ಅಲ್ಪಸಂಖ್ಯಾತರ ಕಲ್ಯಾಣ ಇಲಾಖೆಗಳ ತಾಲ್ಲೂಕು ಅಥವಾ ಜಿಲ್ಲಾ ಕಚೇರಿಗಳನ್ನು, ಇಲ್ಲವೇ ತಾವು ಓದುತ್ತಿರುವ ಕಾಲೇಜಿನ ವಿದ್ಯಾರ್ಥಿವೇತನ ವಿಭಾಗವನ್ನು ಕಚೇರಿ ವೇಳೆಯಲ್ಲಿ ಸಂಪರ್ಕಿಸಬಹುದು. ವಿಚಾರಣೆಗೆ ಯಾವುದೇ ಶುಲ್ಕವಿರುವುದಿಲ್ಲ. ಮಧ್ಯವರ್ತಿಗಳಿಗೆ ಹಣ ನೀಡಬಾರದು. ಅರ್ಹ ವಿದ್ಯಾರ್ಥಿಗಳು ಹಾಗೂ ಪೋಷಕರು ಈ ಮಾಹಿತಿಯ ಸದುಪಯೋಗ ಪಡೆದುಕೊಳ್ಳಬೇಕಾಗಿ ಕೋರಲಾಗಿದೆ.