ಹೆಬ್ಬೆರಳಿನ ನೋವಿಗೂ ಆರ್‌ಎನ್‌ಎಗೂ ನಂಟು

ನಡುರಾತ್ರಿ ಕಾಲಿನ ಹೆಬ್ಬೆರಳು ಕೆಂಪಗೆ ಊದಿ, ಹೊದಿಕೆ ತಾಗಿದರೂ ಜೀವ ಹೋಗುವಂಥ ನೋವು. ವೈದ್ಯರು ಇದನ್ನು ‘ಗೌಟ್’ ಎನ್ನುತ್ತಾರೆ. ಇದರ ಮೂಲ ಇರುವುದು ಜೀವಕೋಶದೊಳಗೆ.

ಪ್ರೋಟೀನ್ ತಯಾರಿಕೆಯ ಸಂದೇಶ ಹೊತ್ತೊಯ್ಯುವ ಆರ್‌ಎನ್‌ಎ ಅಲ್ಪಾಯುಷಿ. ಕೆಲಸ ಮುಗಿದ ಮೇಲೆ ಕಿಣ್ವಗಳು ಅದನ್ನು ತುಂಡರಿಸುತ್ತವೆ. ಫಾಸ್ಫೇಟ್ ಹಾಗೂ ರೈಬೋಸ್ ಸಕ್ಕರೆ ಕಳಚಿದರೆ ಉಳಿಯುವುದು ಪ್ರತ್ಯಾಮ್ಲಗಳು. ಅವುಗಳಲ್ಲಿ ಬಹುಪಾಲು ಮರುಬಳಕೆಯಾಗುತ್ತವೆ. ಮಿಕ್ಕ ಸೈಟೊಸಿನ್, ಯುರಾಸಿಲ್‌ಗಳ ಉಂಗುರ ಒಡೆದು ಅಮೋನಿಯಾ, ಇಂಗಾಲದ ಡೈ ಆಕ್ಸೈಡ್ ಮತ್ತು ಬೀಟಾ ಅಲನಿನ್ ಆಗುತ್ತವೆ. ಇವೆಲ್ಲ ನೀರಿನಲ್ಲಿ ಕರಗುವಂಥವು. ಆದರೆ ಅಡೆನಿನ್, ಗ್ವಾನಿನ್‌ಗಳ ಜೋಡಿ ಉಂಗುರ ಒಡೆಯದೆ, ಸುಲಭವಾಗಿ ಕರಗದ ಯೂರಿಕ್ ಆಮ್ಲವಾಗುತ್ತದೆ. ಡಿಎನ್‌ಎ ಮತ್ತು ಮಾಂಸಾಹಾರದಿಂದಲೂ ಇದು ಬರುತ್ತದೆ. ಇದನ್ನು ಒಡೆಯುವ ಯೂರಿಕೇಸ್ ಕಿಣ್ವ ಹಸು, ನಾಯಿಗಳಲ್ಲಿದೆ, ಮನುಷ್ಯನಲ್ಲಿಲ್ಲ.

ಮೂತ್ರಪಿಂಡಗಳು ಸಾಕಷ್ಟು ಹೊರಹಾಕದಿದ್ದರೆ ಅದು ಕೀಲುಗಳಲ್ಲಿ ಹರಳುಗಟ್ಟುತ್ತದೆ. ಜರ್ಟ್ರೂಡ್ ಎಲಿಯನ್ ಮತ್ತು ಜಾರ್ಜ್ ಹಿಚಿಂಗ್ಸ್ ರೂಪಿಸಿದ ಅಲೋಪ್ಯೂರಿನಾಲ್, ಯೂರಿಕ್ ಆಮ್ಲ ತಯಾರಿಸುವ ಕಿಣ್ವವನ್ನೇ ತಡೆಯುತ್ತದೆ. 1988ರ ವೈದ್ಯಕೀಯ ನೊಬೆಲ್ ಪುರಸ್ಕಾರದಲ್ಲಿ ಇಬ್ಬರಿಗೂ ಪಾಲು ದೊರೆಯಿತು.

ಈ ತೊಂದರೆ ಇರುವವರು ಕುರಿಯ ಲಿವರ್, ಕಿಡ್ನಿ, ಬಿಯರ್‌ಗಳಿಂದ ದೂರವಿದ್ದು, ನೀರು ಚೆನ್ನಾಗಿ ಕುಡಿಯಬೇಕು. ಮನೆಯ ಹಿರಿಯರು ಹೆಬ್ಬೆರಳು ಹಿಡಿದು ನರಳಿದರೆ ಉಳುಕೆಂದು ಎಣ್ಣೆ ತಿಕ್ಕುತ್ತಾ ಕೂರದೆ ವೈದ್ಯರಿಗೆ ತೋರಿಸುವುದು ಲೇಸು.